ಇಪ್ಪತ್ತು ಸೆಕೆಂಡಿನ ತಾಳ್ಮೆ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಈಗ ಯಾವ ಕೆಲಸಕ್ಕೆ ಹೋದರೂ ಕಿವಿಗೆ ಬೀಳುವ ಮಾತು ಒಂದೇ: ‘ಸರ್ವರ್ ಬ್ಯುಸಿ.’ ಪಹಣಿ ತೆಗೆಸಲು ನಾಡಕಚೇರಿಗೆ ಹೋದವರಿಗೆ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದವರಿಗೆ, ಮಗಳ ಜಾತಿ-ಆದಾಯ ಪ್ರಮಾಣಪತ್ರಕ್ಕೆಂದು ಗ್ರಾಮ ಒನ್ ಕೇಂದ್ರದ ಕಟ್ಟೆ ಮೇಲೆ ಕೂತವರಿಗೆ, ಎಲ್ಲರಿಗೂ ಅದೇ ಉತ್ತರ. ‘ಸಾಹೇಬರಿಲ್ಲ’ ಅಂದರೆ ಜಗಳಕ್ಕೆ ನಿಲ್ಲುವವರೂ ಸರ್ವರ್ ಹೆಸರು ಕೇಳಿದ ಕೂಡಲೇ ಮರುಮಾತಿಲ್ಲದೆ ಎದ್ದು ಹೋಗುತ್ತಾರೆ. ಸಾಹೇಬರು ಎಲ್ಲಿ ಹೋದರು ಅಂತ ಕೇಳಬಹುದು. ಸರ್ವರ್ ಎಲ್ಲಿ ಹೋಯಿತು ಅಂತ ಯಾರನ್ನು ಕೇಳುವುದು? ನಾಡಿಗೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟ ಅಕ್ಕಪಕ್ಕದ ತಾಲ್ಲೂಕುಗಳಿವು, ಬಂಗಾರಪ್ಪನವರ ಸೊರಬ, ಯಡಿಯೂರಪ್ಪನವರ ಶಿಕಾರಿಪುರ. ವಿಧಾನಸೌಧದ ಬಾಗಿಲು ತಟ್ಟುವುದು ಇಲ್ಲಿಯ ಜನಕ್ಕೆ ಹೊಸದೇನಲ್ಲ. ಸರ್ವರಿನ ಬಾಗಿಲು ಎಲ್ಲಿದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ.

ಆ ಬಾಗಿಲಿನ ಆಚೆ ಕೆಲವು ವರ್ಷ ಹೊಟ್ಟೆಪಾಡು ನೋಡಿಕೊಂಡವನು ನಾನು. ಬೆಂಗಳೂರಿನಲ್ಲಿ ಕೂತು ಸರ್ವರುಗಳನ್ನು ಕಾಯುವ ಕೆಲಸ. ಯಾರು ಬಂದರು, ಎಷ್ಟು ಹೊತ್ತು ನಿಂತರು, ಯಾವಾಗ ಕಳಿಸಿಬಿಟ್ಟೆವು ಎಂಬ ಲೆಕ್ಕ ದಿನವಿಡೀ ಕಣ್ಣೆದುರು ಹರಿಯುತ್ತಿತ್ತು. ಅದೊಂದು ಬರೀ ಯಂತ್ರದ ಲೆಕ್ಕವಲ್ಲ ಅನ್ನಿಸಲು ಶುರುವಾದದ್ದು ಊರಿಗೆ ಬಂದು ಕೌಂಟರಿನ ಈಚೆ ನಿಲ್ಲುವಂತಾದ ಮೇಲೆ. ಮುಖ ಕಾಣದ, ಗುರುತಿಲ್ಲದ ಒಬ್ಬರಿಗಾಗಿ ಎಷ್ಟು ಹೊತ್ತು ಕಾಯಬೇಕು? ಅದನ್ನು ಯಾರು ನಿಶ್ಚಯಿಸಬೇಕು? ಸರ್ವರಿನ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ನನಗೆ ಸಿಕ್ಕಿಲ್ಲ.

ಚಂದ್ರಗುತ್ತಿ ಬೆಟ್ಟದ ಬುಡದಲ್ಲಿ ಒಬ್ಬರು ಮೊಬೈಲಿನಲ್ಲಿ ಪಹಣಿ ನೋಡಲು ಹೊರಟರು ಅನ್ನಿ. ಬಟನ್ ಒತ್ತಿದ ತಕ್ಷಣ ಪಹಣಿಯ ಮಾತು ಹೋಗುವುದಿಲ್ಲ. ಅದಕ್ಕೂ ಮೊದಲು ಮೂರು ಸಣ್ಣ ಸಂದೇಶಗಳು ಅತ್ತಿತ್ತ ಓಡಾಡಬೇಕು. ‘ಮಾತಾಡಬಹುದಾ?’ ಅನ್ನುತ್ತದೆ ಫೋನು. ‘ಆಗಬಹುದು, ನಾನು ಹೇಳಿದ್ದು ಕೇಳಿಸಿತಾ?’ ಅನ್ನುತ್ತದೆ ಸರ್ವರು. ‘ಕೇಳಿಸಿತು’ ಅಂತ ಮತ್ತೆ ಫೋನು. 1981ರ ಸೆಪ್ಟೆಂಬರಿನಲ್ಲಿ ಬರೆದಿಟ್ಟ ಟಿಸಿಪಿ ಎಂಬ ಸಂಪರ್ಕ ನಿಯಮಾವಳಿಯ ಈ ಕಟ್ಟಳೆ ಇವತ್ತಿಗೂ ಹಾಗೇ ನಡೆದು ಬಂದಿದೆ. ಮೂರೂ ಮುಗಿದರೆ ಸಂಪರ್ಕ ಆಯಿತು ಅನ್ನುತ್ತೇವೆ. ನಿಜವಾಗಿ ಆದದ್ದೇನು? ಚಂದ್ರಗುತ್ತಿಯಿಂದ ಬೆಂಗಳೂರಿಗೆ ಯಾರೂ ಹೊಸ ತಂತಿ ಎಳೆಯಲಿಲ್ಲ. ನಡುವಿನ ರೂಟರುಗಳು ತಮ್ಮ ಪಾಲಿಗೆ ಬಂದ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸಿ ಮರೆತುಬಿಡುತ್ತವೆ. ಹುಟ್ಟಿದ್ದು ಎರಡು ನೆನಪು. ಫೋನಿನಲ್ಲಿ ಒಂದು: ಇಂಥ ಸರ್ವರಿನ ಜೊತೆ ಮಾತಿಗೆ ಕೂತಿದ್ದೇನೆ, ಇಷ್ಟು ಹೇಳಿದ್ದೇನೆ, ಇಷ್ಟು ತಲುಪಿದೆ. ಸರ್ವರಿನಲ್ಲಿ ಅದಕ್ಕೆ ಜೋಡಿಯಾದ ಇನ್ನೊಂದು. ಇಬ್ಬರೂ ಒಬ್ಬರನ್ನೊಬ್ಬರು ನೆನಪಿಟ್ಟುಕೊಂಡಿರುವಷ್ಟು ಹೊತ್ತು ಸಂಪರ್ಕ ಇದೆ. ಒಬ್ಬರು ಮರೆತರೆ, ಅಥವಾ ಇಲ್ಲವಾದರೆ, ಇನ್ನೊಬ್ಬರ ನೆನಪು ಹಾಗೇ ಉಳಿದಿರುತ್ತದೆ. ಆಚೆ ಕಡೆ ಯಾರೂ ಇಲ್ಲ ಅನ್ನುವುದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ.

2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ರಾಜ್ಯದ ಎಲ್ಲ ಕಡೆಯಂತೆ ಶಿರಾಳಕೊಪ್ಪದ ಸುತ್ತಲಿನ ಹಳ್ಳಿಗಳ ಹೆಂಗಸರೂ ಕೇಂದ್ರಗಳ ಮುಂದೆ ನೆರೆದರು. ಮುಂಗಾರಿನ ದಿನಗಳು. ಸೆರಗಿನೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ರೇಷನ್ ಕಾರ್ಡು, ಆಧಾರು, ಪಾಸ್‌ಬುಕ್ಕು. ಅಂಥ ಒಂದು ಕೇಂದ್ರದಲ್ಲಿ ನನ್ನ ಮುಂದೆ ನಿಂತಿದ್ದ ಅಜ್ಜಿಗೂ ಕಂಪ್ಯೂಟರಿನ ಹುಡುಗನಿಗೂ ಮಾತು ನಡೆಯಿತು.

‘ಸರ್ವರ್ ಬ್ಯುಸಿ ಅಂತ ಬರ್ತಿದೆ ಅಜ್ಜಿ, ಸ್ವಲ್ಪ ಕೂತ್ಕಳಿ.’

‘ಬಿಜಿ ಅಂದ್ರೆ ಎಂತದಾ ತಮ್ಮಾ? ಇಲ್ಲ ಅಂತನಾ, ಇದ್ದೂ ಮಾತಾಡ್ತಿಲ್ಲ ಅಂತನಾ?’

‘ಎರಡೂ ಒಂದೇ ಅಜ್ಜಿ.’

‘ಎರಡೂ ಒಂದೇ ಹೆಂಗಾಗ್ತದೆ?’

ಹುಡುಗ ನಕ್ಕ. ಅವನ ತೆರೆಯ ಮೇಲೆ ದುಂಡಗಿನ ಗೆರೆಯೊಂದು ಸುತ್ತುತ್ತಲೇ ಇತ್ತು. ಅಜ್ಜಿ ಕೇಳಿದ್ದು ಗಣಕ ವಿಜ್ಞಾನಿಗಳು ತಲೆ ಕೆಡಿಸಿಕೊಂಡ ಪ್ರಶ್ನೆ ಅಂತ ಆ ಇಬ್ಬರಿಗೂ ಗೊತ್ತಿರಲಿಲ್ಲ. ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು 1985ರಲ್ಲಿ ಪ್ರಕಟಿಸಿದ ಪ್ರಮೇಯವೊಂದಿದೆ. ಸಂದೇಶ ಎಷ್ಟು ತಡವಾಗಬಹುದು ಎಂಬುದಕ್ಕೆ ಮಿತಿಯೇ ಇಲ್ಲದ ಕಡೆ, ನಡುವೆ ಒಬ್ಬನೇ ಒಬ್ಬ ಸದ್ದಿಲ್ಲದೆ ಸತ್ತುಹೋಗುವ ಸಾಧ್ಯತೆ ಇದ್ದರೂ ಸಾಕು, ಎಲ್ಲರೂ ಒಮ್ಮತಕ್ಕೆ ಬಂದೇ ಬರುತ್ತಾರೆ ಅಂತ ಖಾತ್ರಿ ಕೊಡುವ ವಿಧಾನವೇ ಇಲ್ಲ ಅಂತ ಅವರು ಸಾಧಿಸಿದರು. ಅದರ ಬೇರಿನಲ್ಲಿರುವುದು ಇಷ್ಟೇ: ಸತ್ತವನನ್ನೂ ನಿಧಾನದವನನ್ನೂ ದೂರದಿಂದ ಬೇರೆ ಮಾಡಿ ಹೇಳಲು ಬರುವುದಿಲ್ಲ. ಇಬ್ಬರಿಂದಲೂ ಬರುವುದು ಮೌನವೇ. ಅಲ್ಲಮನ ಹೆಸರಿನ ಜೊತೆ ಸೇರಿಕೊಂಡ ಬಳ್ಳಿಗಾವಿಯಿಂದ ಕೂಗಳತೆಯ ಊರಿನಲ್ಲಿ ನಿಂತು ಮೌನಕ್ಕೆ ಅರ್ಥ ಹುಡುಕುವುದು ತುಸು ಅಧಿಕಪ್ರಸಂಗವೇ ಸರಿ. ಆದರೂ ಸರ್ವರಿನ ಕಷ್ಟ ಅದೇ.

ಏಕೆಂದರೆ ಆಚೆ ಕಡೆಯಿಂದ ಸರ್ವರೂ ಅಜ್ಜಿಯ ಬಗ್ಗೆ ಅದೇ ಪ್ರಶ್ನೆ ಕೇಳಿಕೊಳ್ಳುತ್ತಿರುತ್ತದೆ. ಚಂದ್ರಗುತ್ತಿಯ ಫೋನಿನ ಬ್ಯಾಟರಿ ಅರ್ಧ ಮಾತಿನಲ್ಲಿ ಮುಗಿಯಿತು ಅನ್ನಿ. ಹೋಗಿಬರುತ್ತೇನೆ ಅನ್ನಲು ಅದಕ್ಕೆ ಪುರಸೊತ್ತಿಲ್ಲ. ಸರ್ವರು ಆ ನೆನಪನ್ನು ಹಿಡಿದುಕೊಂಡು ಕೂತಿರುತ್ತದೆ. ‘ಇದೀರಾ?’ ಅಂತ ಆಗಾಗ ಕೇಳಿನೋಡುವ ವ್ಯವಸ್ಥೆಯನ್ನು ಹಾಕಿಕೊಂಡಿದ್ದರೂ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಡೀಫಾಲ್ಟ್, ಅಂದರೆ ಯಾರೂ ಬದಲಿಸದಿದ್ದರೆ ಇರುವ ಲೆಕ್ಕದ ಪ್ರಕಾರ ಮೊದಲ ಸಲ ಕೇಳುವುದು 7,200 ಸೆಕೆಂಡಿನ ಮೌನದ ನಂತರ, ಅಂದರೆ 2 ಗಂಟೆ ಕಳೆದ ಮೇಲೆ. ಆಮೇಲೆ 75 ಸೆಕೆಂಡಿಗೊಮ್ಮೆ 9 ಸಲ. ಅಷ್ಟಕ್ಕೂ ಉತ್ತರ ಬಾರದಿದ್ದರೆ ಕೈಬಿಡುತ್ತದೆ. ಇಷ್ಟೊಂದು ತಾಳ್ಮೆ ಮನುಷ್ಯರಲ್ಲೂ ಅಪರೂಪ. ಊರಿಗೆಲ್ಲ ಪುಟ ಹಂಚುವ ವೆಬ್ ಸರ್ವರಿಗೆ ಇದು ಕಟ್ಟಿ ಬರುವುದಿಲ್ಲ. ಆದ್ದರಿಂದ ಅದು ತನ್ನದೇ ಬೇರೆ ಗಡಿಯಾರ ಇಟ್ಟುಕೊಂಡಿದೆ.

ಗಡಿಯಾರ ಏಕೆ ಬೇಕು ಅನ್ನುವುದಕ್ಕೆ ಒಂದು ಪಂಕ್ತಿ ಊಟವನ್ನು ಕಣ್ಣ ಮುಂದೆ ತಂದುಕೊಳ್ಳಿ. 1995ರಲ್ಲಿ ಬಂದ ಅಪಾಚೆ ಎಂಬ ವೆಬ್ ಸರ್ವರಿನ ಹಳೆಯ ಪದ್ಧತಿಯಲ್ಲಿ ಒಂದೊಂದು ಎಲೆಗೂ ಒಬ್ಬೊಬ್ಬ ಬಡಿಸುವವನು. ಉಂಡು ಎದ್ದು ಹೋಗುವ ತನಕ ಅವನು ಆ ಎಲೆಯ ಮುಂದಿನಿಂದ ಕದಲುವಂತಿಲ್ಲ. ಡೀಫಾಲ್ಟ್ ಲೆಕ್ಕದಲ್ಲಿ ಬಡಿಸುವವರು 256 ಜನ. 257ನೆಯವರು ಹೊರಗೆ ಸಾಲಿನಲ್ಲಿ. ಊಟ ಮಾಡುವವರು ಚುರುಕಾಗಿದ್ದರೆ ತೊಂದರೆಯಿಲ್ಲ; ಒಬ್ಬರು ಪಾಯಸದ ಮುಂದೆ ಹಾಗೇ ಮಾತಿಗೆ ಕೂತರೆ ಒಬ್ಬ ಬಡಿಸುವವನು ಅವರಿಗೇ ಮೀಸಲು. 1999ರಲ್ಲಿ ಡ್ಯಾನ್ ಕೆಗೆಲ್ ಎಂಬಾತ ಒಂದೇ ಯಂತ್ರ 10,000 ಜನರನ್ನು ಏಕಕಾಲಕ್ಕೆ ಯಾಕೆ ಸಂಭಾಳಿಸಬಾರದು ಅಂತ ಕೇಳಿ ಒಂದು ಲೇಖನ ಬರೆದ. ರಷ್ಯಾದ ಇಗೊರ್ ಸೈಸೊಯೆವ್ 2004ರಲ್ಲಿ ಎಂಜಿನ್-ಎಕ್ಸ್ ಎಂಬ ಸರ್ವರನ್ನು ಹೊರತಂದ. ಅದರಲ್ಲಿ ಬಡಿಸುವವರು ಬೆರಳೆಣಿಕೆಯಷ್ಟು. ಅವರು ಯಾರ ಮುಂದೆಯೂ ನಿಲ್ಲುವುದಿಲ್ಲ. ಸಾಲಿನುದ್ದಕ್ಕೂ ಓಡಾಡುತ್ತ, ಯಾವ ಎಲೆಯಿಂದ ಕರೆ ಬಂತೋ ಅಲ್ಲಿಗೆ ಹೋಗಿ ಬಡಿಸಿ ಮುಂದೆ ಸಾಗುತ್ತಾರೆ. ನಮ್ಮ ಕಡೆ ಪಂಕ್ತಿ ನಡೆಸುವವರಿಗೆ ಮೊದಲಿನಿಂದ ಗೊತ್ತಿದ್ದ ಯುಕ್ತಿಗೆ ಕಂಪ್ಯೂಟರ್ ಲೋಕ ಅಷ್ಟು ತಡ ಮಾಡಿದ್ದೇಕೋ.

ಆದರೂ ಎಲೆಗಳು ಅನಂತವಲ್ಲ. ಜಾನ್ ಲಿಟಲ್ 1961ರಲ್ಲಿ ಸಾಧಿಸಿದ ಸೂತ್ರ ಬಹಳ ಸರಳ: ಒಳಗಿರುವವರ ಸರಾಸರಿ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಬ್ಬೊಬ್ಬರು ಇರುವ ಹೊತ್ತು. 256 ಜಾಗ ಇದ್ದು ಒಬ್ಬೊಬ್ಬರು 1 ಸೆಕೆಂಡ್ ಕೂತರೆ ಸೆಕೆಂಡಿಗೆ 256 ಜನರನ್ನು ಕಳಿಸಬಹುದು. ಒಬ್ಬೊಬ್ಬರೂ 15 ಸೆಕೆಂಡ್ ಕೂತರೆ ಸೆಕೆಂಡಿಗೆ 17 ಜನ. ಒಂದು ಪುಟ ಕೊಟ್ಟಾದ ಮೇಲೆ ಇನ್ನೇನಾದರೂ ಕೇಳಿಯಾರೆಂದು ಬಾಗಿಲು ತೆರೆದಿಡುವ ಹೊತ್ತು ಅಪಾಚೆಯ ಹಳೆಯ ಆವೃತ್ತಿಗಳಲ್ಲಿ ಇದ್ದದ್ದು ಇದೇ 15 ಸೆಕೆಂಡ್. ಮುಂದೆ ಅದು 5ಕ್ಕೆ ಇಳಿಯಿತು. ಒಟ್ಟಾರೆ ಕಾಯುವ ಮಿತಿ 300 ಸೆಕೆಂಡ್ ಇದ್ದದ್ದು 60 ಆಯಿತು. ಜಾಲ ಬೆಳೆದಂತೆಲ್ಲ ಒಬ್ಬೊಬ್ಬರ ಪಾಲಿನ ತಾಳ್ಮೆ ಸಣ್ಣದಾಗುತ್ತ ಬಂದಿದೆ. ಇದು ಯಾರದೋ ಕ್ರೌರ್ಯ ಅಂತ ನಾನು ಹೇಳುವುದಿಲ್ಲ. ಎಲ್ಲರಿಗಾಗಿ ಕಡೆತನಕ ಕಾಯುತ್ತೇನೆ ಅನ್ನುವ ಸರ್ವರು ಕಡೆಗೆ ಯಾರಿಗೂ ಬಡಿಸುವುದಿಲ್ಲ. ಗೃಹಲಕ್ಷ್ಮಿಯ ಆರಂಭದ ದಿನಗಳಲ್ಲಿ ನೀವು ಇಂಥ ದಿನ ಇಂಥ ಹೊತ್ತಿಗೆ ಬನ್ನಿ ಅಂತ ಎಸ್ಸೆಮ್ಮೆಸ್ ಕಳಿಸಿ ಜನರನ್ನು ಹಂಚಿದ್ದೂ ಇದೇ ಲೆಕ್ಕದ ಮೇಲೆ. ನನ್ನ ಕಣ್ಣಿಗೆ ಅದು ಆ ಇಡೀ ಏರ್ಪಾಟಿನಲ್ಲೇ ಹೆಚ್ಚು ಮರ್ಯಾದೆಯ ಕ್ರಮ. ಬಾಗಿಲಲ್ಲಿ ನಿಲ್ಲಿಸಿಕೊಂಡು ಇಲ್ಲ ಅನ್ನುವುದಕ್ಕಿಂತ ಮನೆಯಲ್ಲಿದ್ದಾಗಲೇ ನಾಳಿದ್ದು ಬನ್ನಿ ಅನ್ನುವುದು ಮೇಲು.

2009ರಲ್ಲಿ ಒಂದು ಘಟನೆ ನಡೆಯಿತು, ಅದರ ಬಿಸಿ ಇವತ್ತಿಗೂ ಸೊರಬದ ಫೋನುಗಳಿಗೆ ತಟ್ಟುತ್ತಿದೆ. ರಾಬರ್ಟ್ ಹ್ಯಾನ್ಸನ್ ಎಂಬ ಭದ್ರತಾ ತಜ್ಞ ‘ಸ್ಲೋಲೋರಿಸ್’ ಎಂಬ ಸಣ್ಣ ಪ್ರೋಗ್ರಾಮನ್ನು ಬಹಿರಂಗ ಮಾಡಿದ. ನಮ್ಮ ಕಾಡಿನ ಕಾಡುಪಾಪದ ದಾಯಾದಿಯ ಹೆಸರು ಅದಕ್ಕೆ. ಅಲ್ಲಿಯವರೆಗೆ ಸರ್ವರನ್ನು ಕೆಡವುವುದೆಂದರೆ ಪ್ರವಾಹದಂತೆ ನುಗ್ಗುವುದು ಅಂತಿತ್ತು. ಇದು ಹಾಗಲ್ಲ. ನೂರಾರು ಸಂಪರ್ಕ ತೆರೆಯುವುದು, ಪ್ರತಿಯೊಂದರಲ್ಲೂ ಕೋರಿಕೆಯ ಒಂದು ಸಾಲನ್ನು ಕಳಿಸಿ ಸುಮ್ಮನಾಗುವುದು, ಸರ್ವರು ಬೇಸತ್ತು ಕೈಬಿಡುವುದಕ್ಕೆ ಸ್ವಲ್ಪ ಮುಂಚೆ ಇನ್ನೊಂದು ಸಾಲು ಕಳಿಸುವುದು, ಮಾತನ್ನು ಎಂದಿಗೂ ಮುಗಿಸದಿರುವುದು. ಒಂದು ಸಾಧಾರಣ ಕಂಪ್ಯೂಟರು, ತೀರಾ ಕಡಿಮೆ ಡೇಟಾ; ಅಷ್ಟರಲ್ಲೇ ಬಡಿಸುವವರೆಲ್ಲ ಖಾಲಿ ಎಲೆಗಳ ಮುಂದೆ ಸಿಕ್ಕಿಬೀಳುತ್ತಾರೆ. ಆತಿಥೇಯನ ಸೌಜನ್ಯವನ್ನೇ ಅವನ ಮೇಲೆ ತಿರುಗಿಸಿದ ದಾಳಿ ಅದು.

ಇದಕ್ಕೆ ಉತ್ತರವಾಗಿ ಸರ್ವರುಗಳು ವೇಗಕ್ಕೆ ಕನಿಷ್ಠ ಮಿತಿ ಹಾಕಿದವು. ಅಪಾಚೆಯಲ್ಲಿ ಇದಕ್ಕೆಂದೇ ಇರುವ ಭಾಗದ ಡೀಫಾಲ್ಟ್ ನಿಯಮ ಹೀಗಿದೆ: ಕೋರಿಕೆಯ ತಲೆಬರಹ ಬಂದು ಮುಟ್ಟಲು 20 ಸೆಕೆಂಡ್. 500 ಬೈಟ್ ಬಂದಂತೆಲ್ಲ 1 ಸೆಕೆಂಡ್ ಹೆಚ್ಚುವರಿ, ಆದರೆ ಒಟ್ಟು 40 ಮೀರುವಂತಿಲ್ಲ. ಅರ್ಜಿಯ ಒಡಲಿಗೂ ಹೀಗೇ, 20 ಸೆಕೆಂಡಿನಿಂದ ಶುರು, ಸೆಕೆಂಡಿಗೆ 500 ಬೈಟಿನ ಲೆಕ್ಕದಲ್ಲಿ ವಿಸ್ತರಣೆ. ತಪ್ಪಿದರೆ 408 ಎಂಬ ಸಂಖ್ಯೆ ಕೊಟ್ಟು ಬಾಗಿಲು ಹಾಕುವುದು.

500 ಬೈಟ್ ಏನು ಮಹಾ ಅನ್ನಿಸಬಹುದು. ಒಳ್ಳೆಯ ಸಿಗ್ನಲ್ ಇರುವ ಕಡೆ ಏನೂ ಅಲ್ಲ. ಆದರೆ ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದ ಸಂಜೆ ಒಂದು ಕಡ್ಡಿ ಸಿಗ್ನಲ್ ಬಂದು ಹೋಗಿ ಮಾಡುವಾಗ, ಅಡಿಕೆ ತೋಟದ ಏರಿಯ ಮೇಲೆ ನಿಂತು ರೇಷನ್ ಕಾರ್ಡಿನ ಫೋಟೊ ಏರಿಸುವವರನ್ನು ನೋಡಿದ್ದೇನೆ. ಹತ್ತು ಸೆಕೆಂಡ್ ಹರಿಯುತ್ತದೆ, ಅರ್ಧ ನಿಮಿಷ ನಿಲ್ಲುತ್ತದೆ, ಮತ್ತೆ ಐದು ಸೆಕೆಂಡ್. ಕೋವಿಡ್ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ ಕೂತದ್ದನ್ನು ಈ ಸೀಮೆಯವರು ಮರೆತಿಲ್ಲ. ಈಗ ಸರ್ವರಿನ ಕಡೆಯಿಂದ ನೋಡಿ: ಮಾತು ಶುರು ಮಾಡಿ ಮುಗಿಸದೆ ತಡೆತಡೆದು ಒಂದೊಂದೇ ಚೂರು ಕಳಿಸುವವರು ಇಬ್ಬರು. ಒಬ್ಬ ದಾಳಿಕೋರ. ಇನ್ನೊಬ್ಬರು ತೋಟದ ಏರಿಯ ಮೇಲೆ ನಿಂತವರು. ತಂತಿಯ ಮೇಲೆ ಇಬ್ಬರದೂ ಒಂದೇ ನಡಿಗೆ. ಒಬ್ಬನನ್ನು ಹೊರಗಿಡಲು ಬರೆದ ನಿಯಮ ಇನ್ನೊಬ್ಬರನ್ನೂ ಹೊರಗಿಡುತ್ತದೆ, ಮತ್ತು ಹೊರಗಿಟ್ಟದ್ದನ್ನು ಭದ್ರತೆಯ ಗೆಲುವು ಅಂತ ಬರೆದುಕೊಳ್ಳುತ್ತದೆ.

(ಬೈಟಿನ ಮಾತು ಬಂದಿದ್ದರಿಂದ ಒಂದು ಉಪಕತೆ. ಕನ್ನಡದ ಅಕ್ಷರ ಜಾಲದ ಮೇಲೆ ಸಾಗುವಾಗ ಪ್ರತಿ ಮೂಲಾಕ್ಷರಕ್ಕೆ, ಪ್ರತಿ ಗುಣಿತದ ಗುರುತಿಗೆ 3 ಬೈಟ್ ಬೇಕು. ರೋಮನ್ ಲಿಪಿಯಲ್ಲಿ 11 ಬೈಟಿಗೆ ಮುಗಿಯುವ ಶಿಕಾರಿಪುರ ಕನ್ನಡದಲ್ಲಿ 27 ಬೈಟ್. ಹಳೆಯ ರೀತಿಯ ಫಾರಂಗಳಲ್ಲಿ ಅದೇ ಹೆಸರು ಸಂಕೇತಗಳಾಗಿ ಒಡೆದು 81 ಬೈಟ್ ಆಗುತ್ತದೆ. ಇದರಿಂದ ಕನ್ನಡದ ಅರ್ಜಿಗಳು ಕಡಿದುಬೀಳುತ್ತವೆ ಅಂತಲ್ಲ. ಫೋಟೊ ಒಂದರ ಮುಂದೆ ಇದು ಲೆಕ್ಕಕ್ಕಿಲ್ಲ. ಆದರೆ ಗಡಿಯಾರ ಇಟ್ಟವರು ಯಾವ ಊರಿನ, ಯಾವ ಲಿಪಿಯ ಗಿರಾಕಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು ಎಂಬುದಕ್ಕೆ ಸಾಕ್ಷಿಯಾಗಿ ಇರಲಿ.)

ಇನ್ನೊಂದು ನಿಯಮ ಇದಕ್ಕಿಂತ ಮೊಂಡು. ಜಾಲದ ಮೇಲೆ ಗಿರಾಕಿಯ ಗುರುತಾದ ಒಂದು ಐಪಿ ವಿಳಾಸದಿಂದ ಇಷ್ಟೇ ಸಂಪರ್ಕ, ಮೀರಿದರೆ ದುರಾಸೆಯವನು ಅಂತ ತಿಳಿದು ತಡೆ. ಹಳೆಯ ಮಾದರಿಯ ಐಪಿ ವಿಳಾಸಗಳು ಸಾಲದ್ದರಿಂದ ಮೊಬೈಲ್ ಕಂಪನಿಗಳು ನೂರಾರು ಫೋನುಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಹಲವು ಊರುಗಳ ಮಕ್ಕಳು ಏಕಕಾಲಕ್ಕೆ ನೋಡಿದರೆ ಸರ್ವರಿಗೆ ಕಾಣುವುದು ಒಬ್ಬನೇ ಆಸಾಮಿ, ಅವನೇ ನೂರು ಸಲ ಬಾಗಿಲು ಬಡಿಯುತ್ತಿದ್ದಾನೆ. ಬೆಂಗಳೂರಿನಲ್ಲಿ ಸ್ವಂತ ಫೈಬರ್ ಇರುವವನು ಒಬ್ಬನೇ ಒಂದು ವಿಳಾಸ. ಇಲ್ಲಿ ನೂರು ಜನಕ್ಕೆ ಸೇರಿ ಒಬ್ಬನ ಪಾಲು.

ಬಂದವರನ್ನು ಹೀಗೆ ಅಳೆಯದ ಬಾಗಿಲೊಂದು ಈ ಸೀಮೆಯಲ್ಲೇ ಇತ್ತು. ಶಿರಾಳಕೊಪ್ಪದಿಂದ ಬಳ್ಳಿಗಾವಿ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಯ ಕೇದಾರೇಶ್ವರ ದೇವಸ್ಥಾನ, ಅದರ ಕೋಡಿಯ ಮಠ ಒಂದು ಕಾಲಕ್ಕೆ ಕಾಳಾಮುಖ ಶೈವರ ದೊಡ್ಡ ಕೇಂದ್ರ. ಕಳಚುರಿ ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠವನ್ನು ವರ್ಣಿಸುತ್ತದೆ, ಬಿ.ಎಲ್. ರೈಸ್ ಅದನ್ನು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿದ್ದರಿಂದ ಎಲ್ಲರೂ ಓದಬಹುದು. ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ತಾಣ ಅಂತ ಹೊಗಳಿದ ಮೇಲೆ ಶಾಸನ ಅನ್ನದ ಮಾತಿಗೆ ಬರುತ್ತದೆ. ಅಲ್ಲಿ ಯಾರಿಗೆಲ್ಲ ಊಟ ಎಂಬ ಉದ್ದದ ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲು. ಹಾಡುವವರು, ಬಾರಿಸುವವರು, ಕುಣಿಯುವವರು, ಕತೆ ಹೇಳುವವರು ಆಮೇಲೆ. ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು, ನಾನಾ ದೇಶಗಳಿಂದ ಬಂದ ಭಿಕ್ಷುಕರು. ಕಾಯಿಲೆಯವರಿಗೆ ಅಲ್ಲೇ ಔಷಧೋಪಚಾರ. ಸಕಲ ಜೀವಿಗಳಿಗೂ ಅಭಯ.

ಶಾಸನದ ಮಾತು ಪ್ರಶಸ್ತಿಯ ಮಾತು. ಹಿಂದಿರುಗಿ ಹೋದವರ ಲೆಕ್ಕವನ್ನು ಯಾರೂ ಕಲ್ಲಿನಲ್ಲಿ ಕೊರೆಸುವುದಿಲ್ಲ. ಅಲ್ಲಿಯೂ ಹೊತ್ತು ಗೊತ್ತು ಇದ್ದಿರಬೇಕು, ಬಡಿಸುವವರ ಗೊಣಗಾಟ ಇದ್ದಿರಬೇಕು. ಅನ್ನದಾನದ ಬೆನ್ನಿಗೆ ದತ್ತಿಯೂ ಇತ್ತು. ರಾಜ ಬಿಟ್ಟುಕೊಟ್ಟ ಆದಾಯ ಇಲ್ಲದಿದ್ದರೆ ಆ ಪಟ್ಟಿ ಅಷ್ಟು ಉದ್ದ ಬೆಳೆಯುತ್ತಿರಲಿಲ್ಲ. ಔದಾರ್ಯಕ್ಕೂ ಉಗ್ರಾಣ ಬೇಕು. ಅದನ್ನೆಲ್ಲ ಕಳೆದ ಮೇಲೂ ಒಂದು ಸಂಗತಿ ಉಳಿಯುತ್ತದೆ. ಆ ಪಟ್ಟಿಯನ್ನು ಬರೆದವನು ಬರುವವರನ್ನು ಅವರ ನಡಿಗೆಯ ವೇಗದಿಂದ ಅಳೆಯಲಿಲ್ಲ. ಕುಂಟನಿಗೆ ಬಾಗಿಲ ತನಕ ಬರಲು ಹೊತ್ತು ಹೆಚ್ಚು ಬೇಕು, ಕಿವುಡನಿಗೆ ಎರಡು ಸಲ ಹೇಳಬೇಕು, ಕುರುಡನನ್ನು ಕೈಹಿಡಿದು ಎಲೆಯ ಮುಂದೆ ಕೂರಿಸಬೇಕು. ನಿಧಾನವಾಗುವವರ ಹೆಸರೇ ಪಟ್ಟಿಯ ಮೊದಲಿಗೆ ಬಂತು. ನಮ್ಮ ಸರ್ವರಿನ ನಿಯಮದಲ್ಲಿ ನಿಧಾನವೇ ಅಪರಾಧದ ಲಕ್ಷಣ.

ಹಾಗಾದರೆ ಗಡಿಯಾರ ಕಿತ್ತುಹಾಕಬೇಕೇ? ಆ ಮಾತನ್ನು ಕೆಲಸ ಬಲ್ಲವರು ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಬಾಗಿಲು ಹಾಕುವುದು ತಪ್ಪಲ್ಲ. ಬಾಗಿಲು ಹಾಕಿದ ಕೂಡಲೇ ಅಷ್ಟು ಹೊತ್ತು ಹೇಳಿದ್ದನ್ನೆಲ್ಲ ಒರೆಸಿಹಾಕುವುದು ತಪ್ಪು. ಹೆಸರು, ಸರ್ವೆ ನಂಬರು, ಖಾತೆ ಸಂಖ್ಯೆ ಎಲ್ಲ ತುಂಬಿ ಕೊನೆಯ ಫೋಟೊ ಏರುವಾಗ ಕಡಿದರೆ ಮತ್ತೆ ಹೆಸರಿನಿಂದ ಶುರು ಮಾಡಿ ಅನ್ನುವುದು. ಸಂಪರ್ಕ ಕಡಿಯುವುದು ಯಂತ್ರದ ಅನಿವಾರ್ಯ. ಅರ್ಜಿದಾರನನ್ನು ಮೊದಲಿಗೆ ಅಟ್ಟುವುದು ಮನುಷ್ಯರು ಮಾಡಿದ ಆಯ್ಕೆ. ಎರಡನ್ನೂ ಸರ್ವರಿನ ತಲೆಗೆ ಕಟ್ಟಿ ನಾವು ಪಾರಾಗುತ್ತೇವೆ.

ನೆನಪನ್ನು ಉಳಿಸುವ ಉಪಾಯಗಳಿಗೆ ಈ ವಿದ್ಯೆಯಲ್ಲೇನೂ ಬರವಿಲ್ಲ. 1996ರಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಇಂಟರ್ನೆಟ್ ಸಂಸ್ಥೆಯ ಮೇಲೆ ದಾಳಿ ನಡೆಯಿತು. ದಾಳಿಕೋರರು ‘ಮಾತಾಡಬಹುದಾ?’ ಅಂತ ಸಾವಿರಾರು ಸಲ ಕೇಳಿ, ಸರ್ವರಿನ ಉತ್ತರಕ್ಕೆ ಮರುತ್ತರವನ್ನೇ ಕೊಡುತ್ತಿರಲಿಲ್ಲ. ಆಗ ಡ್ಯಾನಿಯಲ್ ಬರ್ನ್‌ಸ್ಟೈನ್ ಸೂಚಿಸಿದ ಉಪಾಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಬಾಗಿಲಿಗೆ ಬಂದ ಪ್ರತಿಯೊಬ್ಬರನ್ನೂ ಸರ್ವರು ನೆನಪಿಟ್ಟುಕೊಳ್ಳುವುದೇ ಬೇಡ. ನೆನಪನ್ನು ಒಂದು ಗುಪ್ತ ಸಂಖ್ಯೆಯಾಗಿ ಮಾಡಿ ಬಂದವರ ಕೈಗೇ ಕೊಟ್ಟು ಕಳಿಸಲಿ. ನಿಜವಾಗಿ ಬರುವವರು ಆ ಸಂಖ್ಯೆ ಹಿಡಿದುಕೊಂಡು ಮರಳಿ ಬರುತ್ತಾರೆ, ಅದನ್ನು ನೋಡಿ ಸರ್ವರು ಗುರುತು ಹಿಡಿಯುತ್ತದೆ. ಅಪರಿಚಿತನನ್ನು ಅನುಮಾನಿಸದೆ, ಅವನ ಭಾರವನ್ನು ಹೊರದೆ, ಅವನಿಗೆ ಜಾಗ ಇಟ್ಟುಕೊಳ್ಳುವ ದಾರಿ. 2021ರಲ್ಲಿ ಅಂಗೀಕಾರವಾದ ಕ್ವಿಕ್ ಎಂಬ ಹೊಸ ಪದ್ಧತಿಯಲ್ಲಿ ಸಂಪರ್ಕಕ್ಕೆ ತನ್ನದೇ ಗುರುತಿನ ಸಂಖ್ಯೆ ಇದೆ. ಸೊರಬದಿಂದ ಆನವಟ್ಟಿಗೆ ಹೋಗುವ ಬಸ್ಸಿನಲ್ಲಿ ಕೂತು ಟವರು ಬದಲಾಗಿ ಐಪಿ ವಿಳಾಸ ಬೇರೆಯಾದರೂ ಮಾತು ಮುರಿಯಬೇಕಿಲ್ಲ. ನೀನು ಎಲ್ಲಿಂದ ಮಾತಾಡುತ್ತಿದ್ದೀಯ ಎಂಬುದನ್ನು ಬಿಟ್ಟು ನೀನು ಯಾರು ಎಂಬುದರ ಮೇಲೆ ಸಂಬಂಧ ನಿಲ್ಲುತ್ತದೆ. ಅರ್ಧ ತುಂಬಿದ ಅರ್ಜಿಯನ್ನು ಉಳಿಸಿಡುವುದು, ಫೋಟೊ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸುವುದು ಮೇಲಿನ ಎರಡು ಉಪಾಯಗಳಿಗಿಂತಲೂ ಸುಲಭದ ಕೆಲಸ. ಮನಸ್ಸು ಮಾಡಬೇಕು, ಅಷ್ಟೇ.

‘ಸರ್ವರ್ ಬ್ಯುಸಿ’ಗಳೆಲ್ಲ ಒಂದೇ ಜಾತಿಯವೂ ಅಲ್ಲ. 503 ಅಂತ ಬಂದರೆ ಸರ್ವರಿಗೆ ಈಗ ಪುರಸೊತ್ತಿಲ್ಲ. 504 ಅಂತ ಬಂದರೆ ಮುಂದಿನ ಬಾಗಿಲಲ್ಲಿ ಕೂತ ಸರ್ವರು ಸರಿಯಾಗಿಯೇ ಇದೆ, ಒಳಮನೆಯ ಸರ್ವರು ಹೊತ್ತಿಗೆ ಉತ್ತರ ಕೊಡುತ್ತಿಲ್ಲ. ನನ್ನ ಅನುಭವದಲ್ಲಿ ಸರ್ಕಾರಿ ಸೇವೆಗಳ ಹೆಚ್ಚಿನ ತೊಂದರೆ ಈ ಒಳಮನೆಯದೇ. 408 ಅಂದರೆ ನೀವು ನಿಧಾನವಾದಿರಿ. 499 ಎಂಬ ಸಂಖ್ಯೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದು ಎಂಜಿನ್-ಎಕ್ಸ್ ತನ್ನ ದಾಖಲೆ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುವ ಸಂಖ್ಯೆ. ಉತ್ತರ ಸಿದ್ಧವಾಗುವ ಮೊದಲೇ ಕೇಳಿದವರು ಎದ್ದು ಹೋದರು ಅಂತ ಅದರ ಅರ್ಥ. ಕಾದು ಕಾದು ಸಾಕಾಗಿ ಪುಟ ಮುಚ್ಚಿದವರೆಲ್ಲ ಆ ಸಂಖ್ಯೆಯೊಳಗೆ ಇದ್ದಾರೆ. ಯಾರ ತಾಳ್ಮೆ ಮೊದಲು ಮುಗಿಯಿತು ಅನ್ನುವುದು ಈ ನಾಲ್ಕು ಸಂಖ್ಯೆಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ಕೌಂಟರಿನಲ್ಲಿ ನಾಲ್ಕಕ್ಕೂ ಒಂದೇ ಹೆಸರು.

ದಾಖಲೆ ನೋಡಿ ಸೊರಬದಲ್ಲಿ ಎಷ್ಟು ಜನ ಹೊರಗುಳಿದರು ಅಂತ ಬೆಂಗಳೂರಿನವರು ತಿಳಿಯಲು ಹೊರಟರೆ ಅದೂ ಆಗುವುದಿಲ್ಲ. ಮೊಬೈಲಿನವರೆಲ್ಲ ಹಂಚಿಕೊಂಡ ವಿಳಾಸಗಳಿಂದ ಬರುವುದರಿಂದ ಚಂದ್ರಗುತ್ತಿಯ ಫೋನನ್ನು ದಾಖಲೆ ಬೆಂಗಳೂರಿನದು ಅಂತಲೇ ತೋರಿಸಬಹುದು. ಇಲ್ಲಿಯ ನಷ್ಟ ಅಲ್ಲಿಯ ಪುಸ್ತಕದಲ್ಲಿ ಕಾಣುವುದಿಲ್ಲ. ಆದ್ದರಿಂದ ಇಂಥ ಸೇವೆಗಳನ್ನು ಕಟ್ಟುವವರಲ್ಲಿ ಒಂದು ವಿನಂತಿ. 20 ಅಂತಲೋ 60 ಅಂತಲೋ ಬರೆದು ಮುಗಿಸುವ ಮೊದಲು ಮಳೆಗಾಲದಲ್ಲಿ ಒಂದು ದಿನ ಬನ್ನಿ. ಚಂದ್ರಗುತ್ತಿಯಲ್ಲೋ ಉಳವಿಯಲ್ಲೋ ಜಡೆಯಲ್ಲೋ ನಿಮ್ಮದೇ ಫಾರಂ ಅನ್ನು ಮಾಮೂಲಿ ಫೋನಿನಲ್ಲಿ ಕೊನೆಯ ತನಕ ತುಂಬಿ ನೋಡಿ, ಆಮೇಲೆ ನಿಮ್ಮ ಸಂಖ್ಯೆ ಬರೆಯಿರಿ.

ಓದುವವರು ಮಾಡಬಹುದಾದದ್ದೂ ಒಂದಿದೆ. ಮುಂದಿನ ಸಲ ಅರ್ಜಿ ನಿಂತಾಗ ತೆರೆಯ ಮೇಲೆ ಮೂರಂಕಿಯ ಸಂಖ್ಯೆ ಏನಾದರೂ ಬಂತಾ ಅಂತ ಆಪರೇಟರನ್ನು ಕೇಳಿ. 408, 503, 504, ಯಾವುದೇ ಇರಲಿ, ದಿನಾಂಕ ಮತ್ತು ಹೊತ್ತಿನ ಜೊತೆ ಬರೆದಿಟ್ಟುಕೊಳ್ಳಿ. ‘ಸರ್ವರ್ ಬ್ಯುಸಿ ಇತ್ತು’ ಎಂಬ ದೂರಿಗೆ ಯಾರೂ ಉತ್ತರ ಕೊಡುವುದಿಲ್ಲ. ಸಂಖ್ಯೆ ಮತ್ತು ಹೊತ್ತು ಇರುವ ದೂರಿಗೆ ಉತ್ತರ ಕೊಡದೆ ವಿಧಿಯಿಲ್ಲ.